ತಾತನ ತಟ್ಟೆಯ ಲೆಕ್ಕ

“ತಾತ, ಆ ಬಿಸ್ಕತ್ತು ಕೆಳಗಿಡು!”

ತಾತನ ಕೈ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಅವರು ಸಿಕ್ಕಿಬಿದ್ದ ಕಳ್ಳನ ಹಾಗೆ ಹಲ್ಲು ಕಿರಿದರು.

“ಒಂದೇ ಒಂದು ಕಣೇ, ಚಿನಕುರುಳಿ.”

“ಒಂದಕ್ಕೇ ಇನ್ನೂರ ಹತ್ತು! ಇವತ್ತಿನ ಕೋಟಾ ಮುಗೀತು.”

ಮನೆಯವರೆಲ್ಲ ಚಿನಕುರುಳಿ ಎಂದೇ ಕರೆಯುವ ಆ ಹುಡುಗಿ ಐದನೇ ಕ್ಲಾಸು. ಡಾಕ್ಟರು ತಾತನ ಹೊಟ್ಟೆ ತಟ್ಟಿ, “ದಿನಕ್ಕೆ ಸಾವಿರದ ಐನೂರು ಕ್ಯಾಲೊರಿ, ಜಾಸ್ತಿ ಬೇಡ” ಅಂದಿದ್ದರು. ಅಂದು ಬೆಳಿಗ್ಗೆ ಅಮ್ಮ ಆಫೀಸಿನ ಟ್ರೈನಿಂಗಿಗೆಂದು ಬೇರೆ ಊರಿಗೆ ಹೋಗುವಾಗ ತಾತನ ಊಟದ ಉಸ್ತುವಾರಿಯನ್ನು ಮಗಳಿಗೆ ಒಪ್ಪಿಸಿದ್ದಳು. ಅಪ್ಪ ನೈಟ್ ಶಿಫ್ಟಿನ ಬಸ್ ಡ್ರೈವರು. ಅನ್ನ, ಪಲ್ಯ ಮಾಡಿ, ಮೊಟ್ಟೆ ಬೇಯಿಸಿಟ್ಟು ಮಲಗಿದರೆ ಹಗಲೆಲ್ಲ ಗೊರಕೆ. ಹಾಗಾಗಿ ಅಡುಗೆಮನೆಯಲ್ಲಿ ಚಿನಕುರುಳಿಯದೇ ದರ್ಬಾರು.

ಅವಳ ಲೆಕ್ಕ ಅಂದರೆ ಲೆಕ್ಕ. ಪ್ಯಾಕೆಟ್ಟಿನ ಮೇಲೆ ‘ಎನರ್ಜಿ’ ಎಂದಿದ್ದ ಸಾಲು ನೋಡಿಯೇ ಬಡಿಸುವುದು. ಎರಡು ಸ್ಲೈಸ್ ಬ್ರೆಡ್ಡಿಗೆ ಏಳುನೂರ ನಲವತ್ತು. ಒಂದು ಲೋಟ ಹಾಲಿಗೆ ಐನೂರ ನಲವತ್ತು. ಉಳಿದದ್ದರಲ್ಲಿ ಅನ್ನ ಎಷ್ಟು ಬರುತ್ತದೆ? ಎರಡು ತುತ್ತು.

ತಾತ ಬಿಸ್ಕತ್ತನ್ನು ಡಬ್ಬಿಗೆ ಹಾಕಿ ನೀರಿನ ಲೋಟ ಎತ್ತಿದರು.

“ನೀರಿಗೆ ಎಷ್ಟು, ಮೇಡಂ?”

“ಸೊನ್ನೆ.”

“ಸದ್ಯ, ಬದುಕಿದೆ!”

ಮರುದಿನ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಹೋಗಿ ತಾತ ಮತ್ತೆ ಮತ್ತೆ ತಪ್ಪಿದರು. ಎದ್ದು ನಿಂತವರು ಗೋಡೆ ಹಿಡಿದುಕೊಂಡರು.

“ಏನಾಯ್ತು, ತಾತ?”

“ವಯಸ್ಸಾಯ್ತು.”

ಚಿನಕುರುಳಿಗೆ ಸ್ವಲ್ಪ ಭಯವಾಯಿತು. ಲೆಕ್ಕ ಸರಿಯಾಗಿಯೇ ಇದೆಯಲ್ಲ ಅಂದುಕೊಂಡು ಸ್ಕೂಲಿಗೆ ಹೊರಟಳು.

ಅಂದು ಸೈನ್ಸ್ ಮಿಸ್ ಎಲ್ಲರಿಗೂ ಒಂದೊಂದು ಖಾಲಿ ಪ್ಯಾಕೆಟ್ ತರಲು ಹೇಳಿದ್ದರು. ತನ್ನ ಸರದಿ ಬಂದಾಗ ಚಿನಕುರುಳಿ ಬ್ರೆಡ್ಡಿನ ಕವರ್ ಎತ್ತಿ ಹಿಡಿದು, ನೋಡದೆಯೇ ಒದರಿದಳು. “ಎರಡು ಸ್ಲೈಸಿಗೆ ಏಳುನೂರ ನಲವತ್ತು ಕ್ಯಾಲೊರಿ, ಮಿಸ್!”

“ಅಷ್ಟೊಂದಾ? ನಂಬರಿನ ಪಕ್ಕ ಏನಿದೆ, ಓದು.”

“ಕೆ... ಜೆ.”

“ಅಂದ್ರೆ ಕಿಲೊಜೂಲ್. ಅದನ್ನ ನಾಲ್ಕು ಪಾಯಿಂಟ್ ಎರಡರಿಂದ ಭಾಗಿಸಿದ್ರೆ ಡಾಕ್ಟರು ಹೇಳೋ ಕ್ಯಾಲೊರಿ ಸಿಗುತ್ತೆ. ಎಷ್ಟಾಯ್ತು?”

“ನೂರ ಎಪ್ಪತ್ತಾರು!” ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಕ್ಲಾಸೆಲ್ಲ ನಕ್ಕಿತು.

ಚಿನಕುರುಳಿ ಪೆನ್ಸಿಲ್ ಕೈಗೆತ್ತಿಕೊಂಡಳು. ಕೂತು, ಸಾವಿರದ ಐನೂರನ್ನೂ ಭಾಗಿಸಿ ನೋಡಿದಳು. ಮುನ್ನೂರ ಐವತ್ತೇಳು. ನಿನ್ನೆ ಇಡೀ ದಿನಕ್ಕೆ ತಾತನಿಗೆ ಸಿಕ್ಕಿದ್ದು ಅಷ್ಟೇ. ಇವತ್ತೂ ಅಷ್ಟೇ ತೆಗೆದಿಟ್ಟು ಬಂದಿದ್ದಳು.

ಬೆಲ್ ಹೊಡೆದದ್ದೇ ತಡ, ಒಂದೇ ಉಸಿರಿಗೆ ಮನೆಗೆ ಓಡಿದಳು. ತಾತ ಮೆಷಿನ್ನಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು.

“ತಾತ! ತಾತ!”

“ಹ್ಞಾಂ? ಬಂದ್ಯಾ?”

ಅವಳು ಬ್ಯಾಗು ಕೂಡ ಇಳಿಸದೆ ಅನ್ನ, ಪಲ್ಯ, ಬೇಯಿಸಿದ ಮೊಟ್ಟೆ ಎಲ್ಲ ತಂದು ಬಡಿಸಿದಳು. ಬಡಿಸುತ್ತಲೇ, ಅಳುತ್ತಲೇ ನಡೆದದ್ದನ್ನು ಹೇಳಿದಳು. ತಾತ ತುತ್ತು ನುಂಗಿ ಜೋರಾಗಿ ನಕ್ಕರು.

“ಸದ್ಯ, ನೀನು ಟೈಲರ್ ಆಗ್ಲಿಲ್ಲ. ಇಂಚಿನ ಪ್ಯಾಂಟನ್ನ ಸೆಂಟಿಮೀಟರಲ್ಲಿ ಕತ್ತರಿಸಿದ್ರೆ ಗೊಂಬೆಗೂ ಆಗ್ತಿರ್ಲಿಲ್ಲ!”

ಅವಳಿಗೆ ನಗು ಬರಲಿಲ್ಲ. “ಹಸಿವಾಗ್ಲಿಲ್ವಾ?”

“ಆಗದೇ ಏನು? ಹೊಟ್ಟೆ ತಾಳ ಹಾಕ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ತಾತ ಮತ್ತೆ ಅನ್ನ ಕಲಸಿದರು. “ನೀನು ಅಷ್ಟು ಮುತುವರ್ಜಿಯಿಂದ ನೋಡ್ಕೋತಿದ್ದೆ. ಸಾಲ್ದು ಅನ್ನೋಕೆ ಮನಸ್ಸು ಬರ್ಲಿಲ್ಲ ಕಣೇ.”

ತಟ್ಟೆ ಖಾಲಿಯಾಯಿತು. ಹೊಸ ಲೆಕ್ಕದಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು.

“ಇನ್ನೂ ಹಾಕ್ಲಾ?”

“ಸಾಕು, ಸಾಕು,” ಎಂದರು ತಾತ, ತಕ್ಷಣ.

ಚಿನಕುರುಳಿ ಪಾತ್ರೆ ಎತ್ತಲಿಲ್ಲ. ಸೌಟು ಹಿಡಿದು ನಿಂತು ತಾತನ ಮುಖವನ್ನೇ ನೋಡಿದಳು. ಆಮೇಲೆ ಇನ್ನೊಂದು ಸೌಟು ಬಡಿಸಿದಳು.

ತಾತ ಬೇಡವೆನ್ನಲಿಲ್ಲ.