ಮುಷ್ಟಿಯೊಳಗಿನ ಕೀಲಿಕೈ

ಆ ಮುಂಜಾನೆ ಮೆಣಸಗಿಯ ಮೇಲೆ ಮಂಜು ಇಳಿದಿತ್ತು. ಮಲಪ್ರಭೆಯ ಕಡೆಯಿಂದ ಎದ್ದು, ಎರೆಹೊಲದ ಕಡಲೆಗಿಡಗಳನ್ನು ಮುಚ್ಚಿ, ಅಂಗಳದ ಕಟ್ಟೆಯವರೆಗೆ ತೆವಳಿ ಬಂದು ಕೂತಿತ್ತು. ಎದುರುಮನೆಯ ಎಮ್ಮೆ ಕೂಗಿದರೂ ಎಲ್ಲಿಂದ ಕೂಗಿತೆಂದು ತಿಳಿಯುತ್ತಿರಲಿಲ್ಲ. ಆ ಬಿಳಿಗತ್ತಲೆಯಲ್ಲೇ ಹಾಲೇಶ ರೊಟ್ಟಿಯ ತಾಟನ್ನು ಗೋಡೆಗೆ ಎಸೆದ. "ನನ್ನ ಮಾರಿ ನೋಡಬ್ಯಾಡ್ರಿ ಯಾರೂ" ಎಂದ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ಬಿದ್ದ.

ಹೆಂಡತಿ ಉಮಾ ಓಡಿದಳು. ಆ ಮನೆಗೆ ಬಂದು ಒಂದು ಸುಗ್ಗಿಯೂ ಕಂಡಿರದ ಹೊಸ ಸೊಸೆ. ಗಜೇಂದ್ರಗಡದ ಔಷಧದ ಅಂಗಡಿಯಲ್ಲಿ ಕೆಲಸ ಮಾಡಿದವಳು. ಗಂಡನಿಗೆ ಮೂರ್ಛೆರೋಗವಿದೆ ಎಂದು ತಿಳಿದೇ ತಾಳಿ ಕಟ್ಟಿಸಿಕೊಂಡವಳು. ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಟಾವೆಲು ಮಡಚಿಟ್ಟಳು. ಅಷ್ಟರಲ್ಲಿ ಅತ್ತೆ ಸಕ್ಕೂಬಾಯಿ ಗೂಟಕ್ಕೆ ತೂಗುಹಾಕಿದ್ದ ಕಬ್ಬಿಣದ ದೊಡ್ಡ ಕೀಲಿಕೈ ತಂದು ಮಗನ ಮುಷ್ಟಿಗೆ ತುರುಕಿದಳು.

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು ಎಲ್ಲ ಕಡೆಯ ರೂಢಿ. ಆದರೆ ಈ ಕೀಲಿಕೈ ಬೇರೆ. ಹೊಳೆ ಏರಿ ಬಂದು ನುಂಗಿದ ಹಳೆಯ ಮನೆಯದು. ಬಾಗಿಲು ಹೋಗಿತ್ತು, ಬೀಗ ಹೋಗಿತ್ತು, ಇದೊಂದು ಉಳಿದಿತ್ತು. ಹಾಲೇಶ ಚಿಕ್ಕವನಿದ್ದಾಗ ಊರೂರು ತಿರುಗುವ ಮಾಟಗಾರನೊಬ್ಬ ಇದಕ್ಕೆ ಮಂತ್ರ ಊದಿ ಕೊಟ್ಟಿದ್ದ.

"ಮುಷ್ಟಿ ಅವನಾಗೇ ಬಿಚ್ಚಬೇಕವ್ವಾ," ಎಂದಳು ಸಕ್ಕೂಬಾಯಿ, ಸೊಸೆಯ ಕೈ ತಡೆದು. "ಮಂದಿ ಕಿತ್ರ ಬ್ಯಾನಿ ಕಿತ್ತವರ ಮೈಗೆ ಹೋಗ್ತೈತಿ. ಅದರ ಬೆನ್ನಿಗೆ ಇವನೂ ಹೋಗ್ತಾನ."

"ಎಲ್ಲಿಗೆ ಹೋಗ್ತಾರ್ರೀ ಅತ್ತಿ, ಬಸ್ ಹತ್ತಿ ರೋಣಕ್ಕೇನು?" ಉಮಾ ನಕ್ಕಳು. "ಅಂಗೈ ಕೊಯ್ಯಾಕತ್ತೈತಿ ಇದು."

ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೀಲಿಕೈ ಕಿತ್ತಳು. ಅದು ಹೆಣದ ಹಣೆಯಂತೆ ತಣ್ಣಗಿತ್ತು.

ಮೊದಲೆಲ್ಲ ಎಚ್ಚರವಾದಾಗ ಹಾಲೇಶ ಅವಳ ಬೆರಳ ತುದಿ ಹಿಡಿದು ಅಳುತ್ತಿದ್ದ. "ಉಮಾ, ನಾ ಏನರ ಅಂದ್ನೇನು?" ಎಂದು ಕೇಳುತ್ತಿದ್ದ. ಆ ದಿನ ಕೇಳಲಿಲ್ಲ. ಎದ್ದ, ಬಾಯಿ ಒರೆಸಿಕೊಂಡ, ಬಿದ್ದ ತಾಟನ್ನು ದಾಟಿ ಹೋಗಿ ರೊಟ್ಟಿ ತಿಂದ.

ಅಂದಿನಿಂದ ಅವನಿಗೆ ಬ್ಯಾನಿ ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹೊಲದಿಂದ ಮರಳುವಾಗ ಹಾಡುತ್ತಿದ್ದ ಭಜನೆಯ ಪದವೂ ಬರಲಿಲ್ಲ. ಕರೆದರೆ ಮುಖ ತಿರುಗುತ್ತಿತ್ತು. ಕಣ್ಣಿನೊಳಗೆ ಯಾರೂ ತಿರುಗುತ್ತಿರಲಿಲ್ಲ.

"ಔಷಧದಂಗಡಿ ಸೊಸಿ ಗಂಡನ್ನ ಆರಾಮ ಮಾಡಿದ್ಳು ನೋಡ್ರಿ," ಎಂದಳು ಎದುರುಮನೆಯ ಗಾಳೆವ್ವ. "ಈಗಂವ ನಮ್ಮ ಎಮ್ಮಿಗಿಂತ ಶಾಣ್ಯಾ."

ಸಕ್ಕೂಬಾಯಿ ನಗಲಿಲ್ಲ.

ಒಂದು ಸಂಜೆ ಒಲೆಯ ಮುಂದಿದ್ದ ಉಮಾಳ ಮೂಗಿಗೆ ಹೊಳೆಯ ರಾಡಿಯ ವಾಸನೆ ಹೊಡೆಯಿತು. ಕೊಳೆತ ಕಟ್ಟಿಗೆಯ, ನೆನೆದು ಮೊಳೆತ ಕಾಳಿನ, ಮುಳುಗಿದ ಮನೆಯ ವಾಸನೆ. ಎದೆಯಲ್ಲಿ ಯಾರದೆಂದು ಗೊತ್ತಾಗದ ಸಿಟ್ಟು ಏರಿತು. ತಾಟು ಗೋಡೆಗೆ ಬಡಿಯಿತು.

"ನನ್ನ ಮಾರಿ ನೋಡಬ್ಯಾಡ್ರಿ ಯಾರೂ."

ಬಾಯಿ ಅವಳದು. ದನಿ ಹಾಲೇಶನದು.

ಬಿದ್ದಳು. ಕತ್ತಲು. ನೀರಿನ ಸದ್ದು. ಕೈಗೆ ತಾಗಿದ ಲೋಳೆಗಟ್ಟಿದ ಬಾಗಿಲು. ಅದರಾಚೆ ಯಾರೋ ಬಡಿಯುತ್ತ ಬಿಕ್ಕುತ್ತಿದ್ದರು.

"ಉಮಾ, ನಾ ಏನರ ಅಂದ್ನೇನು?"

ಎಚ್ಚರವಾದಾಗ ತಲೆ ಅತ್ತೆಯ ತೊಡೆಯ ಮೇಲಿತ್ತು. ಹಾಲೇಶ ಬಾಗಿಲಲ್ಲಿ ನಿಂತು, ಪರರ ಮನೆಯ ಕೆಲಸ ನೋಡುವಂತೆ ನೋಡುತ್ತಿದ್ದ.

ರೋಣದ ಡಾಕ್ಟರರ ಮುಂದೆ ಕೂತು ಉಮಾ ಕೇಳಿದಳು: "ಈ ಬ್ಯಾನಿ ಮನಸ್ಯಾರ ಸ್ವಭಾವ ಬದಲ ಮಾಡ್ತೈತೇನ್ರಿ?"

"ಕೆಲವರಿಗೆ ಬರೂಕಿಂತ ಮೊದಲ ಸಿಟ್ಟು, ಬಂದ್ ಮ್ಯಾಲ ಅಳು. ಮನಸು ಕುಂದತೈತಿ. ಅದಕ್ಕೂ ಔಷಧ ಐತಿ," ಎಂದರು ಅವರು, ಗುಳಿಗೆ ಬರೆಯುತ್ತ. "ಆದ್ರ ಮನಸ್ಯಾ ಅಂದ್ರ ಬರೇ ಬ್ಯಾನಿ ಅಲ್ಲವ್ವಾ."

ಗುಳಿಗೆಗೆ ಸಿಟ್ಟು ತಗ್ಗಿತು. ಬಾಗಿಲ ಬಡಿತ ತಗ್ಗಲಿಲ್ಲ. ಹಗಲಲ್ಲೂ, ನೀರು ಸೇದುವಾಗಲೂ, ಕಿವಿಯ ಹಿಂದೆ ಅದೇ ಬಡಿತ.

"ಅತ್ತಿ, ಕೀಲಿಕೈ ತಿರುಗಿ ಅವರ ಕೈಯಾಗ ಇಟ್ರ?"

"ಇವ ತಿರುಗಿ ಬರ್ತಾನ. ಬ್ಯಾನಿನೂ ತಿರುಗಿ ಬರ್ತೈತಿ." ಸಕ್ಕೂಬಾಯಿ ಒಲೆಗೆ ಕಟ್ಟಿಗೆ ತುರುಕಿದಳು. "ನಾ ಹಡದಾಕಿ. ನನ್ನ ಕೇಳಬ್ಯಾಡ."

ಬ್ಯಾನಿಯನ್ನು ಅವನಿಗೆ ತಿರುಗಿ ಕೊಡಲು ಉಮಾಳಿಗೆ ಮನಸ್ಸು ಬರಲಿಲ್ಲ. ಇಟಗಿಗೆ ಹೋಗಿ ಭೀಮವ್ವನ ಗುಡಿಯ ಹೊಸ್ತಿಲಿಗೆ ಹಣೆ ಹಚ್ಚಿದಳು. "ತಾಯಿ, ಬ್ಯಾನಿ ನಾ ತಡಕೋತೀನಿ. ಅವರನ್ನಷ್ಟ ಹೊರಗ ಬಿಡು." ತಾಯಿ ಶಾಂತಳಾಗಿ ನೋಡುತ್ತಿದ್ದಳು. ದೇವರ ಮೌನ ಒಪ್ಪಿಗೆಯೋ ಅಲ್ಲವೋ, ನೊಂದ ಜೀವಕ್ಕೆ ತಿಳಿಯುವುದು ಕಷ್ಟ.

ಮರಳಿದ ಸಂಜೆಯೇ ರಾಡಿಯ ವಾಸನೆ ಬಂತು. ಬಿದ್ದಳು. ಬಾಗಿಲಾಚೆ ನೀರು ಏರಿತ್ತು. ಅವನ ಎದೆಗೆ ಬಂತು. ಕುತ್ತಿಗೆಗೆ ಬಂತು. ಅವಳು ತಳ್ಳಿದಳು. ಉಗುರು ಕಿತ್ತುಬಂತು. ಬಾಗಿಲು ಅಲುಗಲಿಲ್ಲ. ಅವನ ಮಾತಿನಲ್ಲಿ ನೀರು ಗುಳುಗುಳು ಎಂದಿತು.

"ಬ್ಯಾನಿ ಬಂದ್ರೂ ಬರ್ಲಿ, ಉಮಾ. ನನಗ ನಾ ಬೇಕು."

ಕಣ್ಣು ಬಿಟ್ಟಾಗ ಇನ್ನೂ ಮಬ್ಬು ಬೆಳಕಿತ್ತು. ಬೆರಳ ತುದಿಯಲ್ಲಿ ನೆತ್ತರಿತ್ತು. ಎದ್ದಳು. ಗೋಡೆ ಹಿಡಿದು ನಡೆದಳು. ಅವನ ಹಳೆಯ ಗುಳಿಗೆಗಳ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ಪಕ್ಕದಲ್ಲಿ ಟಾವೆಲು ಮಡಚಿಟ್ಟಳು. ಅಲ್ಲಿದ್ದ ಕಲ್ಲುಗಳನ್ನು ಆರಿಸಿ ದೂರ ಎಸೆದಳು. ಸಕ್ಕೂಬಾಯಿ ಒಳಗಿನಿಂದ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಹಾಲೇಶ ಕಟ್ಟೆಯ ಮೇಲೆ ಕೂತು ಹೊಳೆಯ ದಿಕ್ಕು ನೋಡುತ್ತಿದ್ದ.

"ಏನದು?" ಎಂದ, ಅವಳ ಮುಷ್ಟಿಯ ಕಡೆ ನೋಡಿ, ಏರಿಳಿತವಿಲ್ಲದ ದನಿಯಲ್ಲಿ.

"ನಿಮ್ದರೀ. ನನ್ನ ಕಡೆ ಉಳದಿತ್ತು."

ಅವನ ತಣ್ಣನೆಯ ಬಲಗೈಯನ್ನು ತೊಡೆಯ ಮೇಲೆ ತೆಗೆದುಕೊಂಡು, ಕೀಲಿಕೈಯನ್ನು ಅಂಗೈಯಲ್ಲಿಟ್ಟು, ಅಂದು ಬಿಡಿಸಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.