ಮಾಟಗಾತಿ ಕೇಳಿದ ಕೆಂಡ

ಮೇ ತಿಂಗಳ ಮೊದಲ ಬೆಳಿಗ್ಗೆ ಒಬ್ಬ ಮುದುಕಿ ಬ್ರೋನಾಳ ಬಾಗಿಲಿಗೆ ಬಂದು ಒಂದು ಕೆಂಡ ಕೇಳಿದಳು.

ಐರ್ಲೆಂಡ್ ದ್ವೀಪದಲ್ಲಿ ಆಗ ಊರಿಗೊಬ್ಬ ರಾಜ, ಗುಡ್ಡಕ್ಕೊಬ್ಬಳು ಮಾಟಗಾತಿ. ಅಲ್ಲಿ ಆ ಒಂದು ದಿನ ಯಾರೂ ಮನೆಯ ಬೆಂಕಿಯನ್ನು ಹೊರಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಮನೆಯ ಕಾವು ಅದರ ಹಿಂದೆಯೇ ಹೋಗುತ್ತದೆ. ಬ್ರೋನಾಳಿಗೆ ಇದು ಗೊತ್ತಿತ್ತು. ಆದರೆ ಮುದುಕಿ ಗಡಗಡ ನಡುಗುತ್ತಿದ್ದಳು.

"ತಗೋ ಅಜ್ಜಿ. ಯಾರಿಗೂ ಹೇಳಬೇಡ."

ಆ ದಿನ ಮೊಸರು ಕಡೆದರೆ ಬೆಣ್ಣೆ ಬರಲಿಲ್ಲ. ಮರುದಿನ ಹಸುಗಳ ಹಾಲು ಬತ್ತಿತು. ಅದರ ಮರುದಿನ ಬ್ರೋನಾಳ ಕಾಲು ತಣ್ಣಗಾಯಿತು, ಆಮೇಲೆ ಕೈ. ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಬಿಸಿ ಇರಲಿಲ್ಲ.

ಅವಳ ಅಣ್ಣ ಲೋರ್ಕಾನ್ ಜೌಗಿನ ಕೆಲಸ ಮುಗಿಸಿ ಬಂದ. ಆ ಸೀಮೆಯಲ್ಲಿ ಸೌದೆ ಕಡಿಮೆ. ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಒಲೆಗೆ ಹಾಕುತ್ತಾರೆ. ಇಡೀ ವಸಂತ ಅದನ್ನೇ ಕಡಿದು ಅವನ ಬೆನ್ನು ಬಗ್ಗಿತ್ತು. ಮಲಗಬೇಕೆಂದು ಬಂದಿದ್ದ.

"ಅಣ್ಣಾ, ಕೆಂಡ ಕೊಟ್ಟುಬಿಟ್ಟೆ."

"ಯಾರಿಗೆ?"

"ಒಬ್ಬ ಮುದುಕಿಗೆ. ಕಲ್ಲುದಿಬ್ಬದ ಕಡೆ ಹೋದಳು."

"ನಿನಗೆ ಬುದ್ಧಿ ಇಲ್ಲ."

"ಇಲ್ಲ. ಚಳಿ ಎದೆಗೆ ಬಂದರೆ ಸತ್ತ ಹಾಗೆಯೇ ಅಂತಾರೆ. ಹೌದಾ ಅಣ್ಣಾ?"

ಲೋರ್ಕಾನ್ ಕಳಚಿದ್ದ ಜೋಡನ್ನು ಮತ್ತೆ ಮೆಟ್ಟಿ, ಸನಿಕೆ ಹೆಗಲಿಗೆ ಹಾಕಿ ಹೊರಟ.

ಜೌಗಿನಲ್ಲಿ ಕರುವಿನಷ್ಟು ದೊಡ್ಡ ಮೊಲವೊಂದು ಅಡ್ಡ ನಿಂತಿತು.

"ನನ್ನ ಹಿಡಿ. ದಾರಿ ಬಿಡ್ತೀನಿ."

ಅದನ್ನು ಅಟ್ಟಿಸಿಕೊಂಡು ಹೋದವರು ಕೆಸರಿನಲ್ಲಿ ಹೂತುಹೋಗುತ್ತಿದ್ದರು. ಲೋರ್ಕಾನ್ ಒಂದು ಕಲ್ಲಿನ ಮೇಲೆ ಕುಳಿತ.

"ನನ್ನ ಕೈಲಿ ಓಡೋಕಾಗಲ್ಲ."

ಮೊಲ ಅವನ ಸುತ್ತ ಓಡಿತು, ನೆಗೆಯಿತು, ಲಾಗ ಹಾಕಿತು. ಕೊನೆಗೆ ಹತ್ತಿರ ಬಂದು ಮೂಗು ಅಲ್ಲಾಡಿಸಿತು.

"ಸ್ವಲ್ಪವಾದರೂ ಓಡಯ್ಯ!"

"ಊಹೂಂ."

ಮೊಲ ಬೇಸತ್ತು ಹೊರಟುಹೋಯಿತು. ಅವನು ಎದ್ದು ನಡೆದ.

ಮುಂದೆ ಸತ್ತ ರಾಜನೊಬ್ಬ ಮಣ್ಣು ಸೀಳಿ ಎದ್ದ. ಆ ಜೌಗು ಹೆಣವನ್ನು ಕೊಳೆಯಲು ಬಿಡುವುದಿಲ್ಲ, ಹದ ಮಾಡಿದ ಚರ್ಮದಂತೆ ಇಡುತ್ತದೆ. ರಾಜನ ಜಡೆ ಕೂಡ ಬಿಚ್ಚಿರಲಿಲ್ಲ. ಸಿಟ್ಟಿನಿಂದ ಅವನಿಗೆ ಹೊಡೆದವರ ಕೈ ಅವನಿಗೇ ಅಂಟಿಕೊಳ್ಳುತ್ತಿತ್ತು.

"ನಿನ್ನಪ್ಪ ಹೇಡಿ" ಎಂದ ರಾಜ.

"ಇರಬಹುದು."

"ನಿನ್ನಜ್ಜ ದನಗಳ್ಳ."

"ಅದೂ ಇರಬಹುದು."

"ನಿನ್ನ ಸನಿಕೆ ಮೊಂಡು."

"ಅದು ಸುಳ್ಳು. ಬೇಕಾದರೆ ಮುಟ್ಟಿ ನೋಡು."

ರಾಜ ಬೆರಳಿಟ್ಟು ನೋಡಿದ. ಬೆರಳು ಕೊಯ್ಯಿತು. "ಚೂಪಾಗಿದೆ" ಎಂದು ಒಪ್ಪಿಕೊಂಡು ಮತ್ತೆ ಮಣ್ಣೊಳಗೆ ಮಲಗಿದ. ಲೋರ್ಕಾನ್‌ಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಆಮೇಲೆ ಕಲ್ಲುದಿಬ್ಬ. ಕಬ್ಬಿಣ ಕಾಣದ ಕಾಲದ ಜನ ಕಟ್ಟಿದ್ದು. ವರ್ಷದ ಅತಿ ಚಿಕ್ಕ ಹಗಲಿನಂದು ಬಿಸಿಲು ಬಾಗಿಲ ಮೇಲಿನ ಕಿಂಡಿಯಿಂದ ಒಳಕೋಣೆ ಮುಟ್ಟುವಂತೆ ಅಳೆದು ಕಟ್ಟಿದ್ದರು. ಉಳಿದ ದಿನ ಕತ್ತಲೆ. ಆ ಕತ್ತಲೆಯಲ್ಲಿ ಮಾಟಗಾತಿ ಸೇರಿಕೊಂಡಿದ್ದಳು.

ಒಳಗೆ ದೊಡ್ಡ ಒಲೆ. ಊರೂರಿನ ಕದ್ದ ಕೆಂಡಗಳೆಲ್ಲ ಅಲ್ಲಿ ಧಗಧಗ ಉರಿಯುತ್ತಿದ್ದವು. ಆ ಉರಿಯಿಂದಲೇ ಅವಳ ಜೀವ. ಗೋಡೆಯ ಪಕ್ಕ ಕಲ್ಲಾದ ಗಂಡಸರು ಸಾಲಾಗಿ ಮಲಗಿದ್ದರು. ಕೆಂಡ ಕೇಳಲು ಬಂದವರು, ಅಲ್ಲೇ ನಿದ್ದೆ ಹೋದವರು.

"ಬಾ ಮಗನೇ, ದಣಿದಿದ್ದೀಯ" ಎಂದಳು. ಉಣ್ಣೆಯ ಹಾಸಿಗೆ ಹಾಸಿದಳು. "ಮಲಗು. ಕೆಂಡ ಬೆಳಿಗ್ಗೆ ಒಯ್ಯುವೆಯಂತೆ."

ಓಟವನ್ನು ಅವನು ಒಲ್ಲೆ ಎಂದಿದ್ದ, ಜಗಳವನ್ನೂ ಒಲ್ಲೆ ಎಂದಿದ್ದ. ಹಾಸಿಗೆಯನ್ನು ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಬಂತು. ತಂಗಿಯ ಹೆಸರು ಕೂಡ ಮರೆತುಹೋಯಿತು. ಜೋಡು ಕಳಚಿದ.

ಆದರೆ ಆ ದೇಶದಲ್ಲಿ ಮಲಗುವ ಮೊದಲು ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಾರೆ. ಉರಿ ಅಡಗುತ್ತದೆ, ಕೆಂಡ ಸಾಯುವುದಿಲ್ಲ. ಅವನ ಅಜ್ಜ ಮುಚ್ಚದೆ ಮಲಗಿದವನಲ್ಲ. ಅಪ್ಪನೂ ಅಲ್ಲ. ಲೋರ್ಕಾನ್ ಅರೆನಿದ್ದೆಯಲ್ಲೇ ಒಲೆಯ ಹತ್ತಿರ ಹೋಗಿ, ಸನಿಕೆಯಿಂದ ಬೂದಿ ಎಳೆದು ಕೆಂಡದ ಮೇಲೆ ಹಾಕತೊಡಗಿದ.

"ಬಿಡೋ! ಅದು ಹಾಗೇ ಉರೀಲಿ!"

"ಬೆಂಕಿ ಬಿಟ್ಟು ಮಲಗ್ತಾರಾ? ನಿನ್ನವ್ವ ಕಲಿಸಲಿಲ್ವಾ?"

ಮಾಟಗಾತಿ ಅವನ ಕೈ ಹಿಡಿಯಲು ಎದ್ದಳು. ಅವನು ಕೊನೆಯ ಸನಿಕೆ ಬೂದಿ ಹಾಕಿ ತಟ್ಟಿದ. ಉರಿ ಅಡಗಿತು. ಅವಳು ಕೈ ಚಾಚಿದ ಹಾಗೆಯೇ ಕಲ್ಲಾದಳು.

ಗೋಡೆಯ ಪಕ್ಕದವರು ಕೆಮ್ಮುತ್ತಾ ಎದ್ದರು. ಬೂದಿ ಕೆದಕಿ ತಮ್ಮ ತಮ್ಮ ಕೆಂಡ ತೆಗೆದುಕೊಂಡು ಮನೆಗೆ ಹೋದರು. ಲೋರ್ಕಾನ್ ತನ್ನದನ್ನು ತಂದು ಒಲೆಗೆ ಹಾಕಿದ. ಚಳಿ ಬ್ರೋನಾಳ ಹೆಗಲಿನಿಂದ ಇಳಿಯಿತು, ಕೈಯಿಂದ ಇಳಿಯಿತು, ಕಾಲಿನಿಂದ ಇಳಿದು ಹೋಯಿತು.

ಅವಳು ಎದ್ದು ಹಾಲು ಕರೆಯಲು ಹೋದಳು. ಅವನು ಮಲಗಿದ.