ಅಂಜೂರದ ಗುತ್ತಿಗೆ

ಈ ಸಲ ಟವೆಲಿನ ಕೆಳಗೆ ಕೈ ಇಡಬೇಕಾದವಳು ತಾನೇ ಎಂದು ಗೊತ್ತಾದಾಗಿನಿಂದ ಚನ್ನವೀರಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಬಾದನಹಟ್ಟಿಯ ಅವರ ಅಂಜೂರ ತೋಟವನ್ನು ಪ್ರತಿ ವರ್ಷ ಕಾಯಿ ಕಟ್ಟುವಾಗಲೇ ಗುತ್ತಿಗೆ ಕೊಡುತ್ತಿದ್ದರು. ಹಿಡಿದವನು ನಾಲ್ಕು ತಿಂಗಳು ತೋಟದ ಗುಡಿಸಲಲ್ಲೇ ಇದ್ದು, ಕಾದು, ಕಿತ್ತು, ಬಳ್ಳಾರಿಗೆ ಸಾಗಿಸಬೇಕು. ದರ ಬಾಯಿಂದ ಆಡುವಂತಿಲ್ಲ. ಟವೆಲ್ ಹೊದಿಸಿ ಎದುರಿನವರ ಬೆರಳು ಹಿಡಿದು ಹೇಳಬೇಕು. ಒಂದು ಬೆರಳಿಗೆ ಒಂದು ಸಾವಿರ.

ಇಷ್ಟು ವರ್ಷ ಅದು ಮಾವ ದೊಡ್ಡಬಸಪ್ಪನ ಕೆಲಸ. ಈಗ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಮಗ ತೀರಿಹೋಗಿ ಮೂರು ವರ್ಷ. ಉಳಿದವಳು ಸೊಸೆ, ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿದವಳು.

ಮೊದಲು ಕುರುಗೋಡಿನ ಹುಲುಗಪ್ಪ ಬಂದ. ಮೂರು ಬೆರಳು ಹಿಡಿದು, ಬಿಸಿ ತಾಕಿದವನಂತೆ ಕೈ ತೆಗೆದ.

ಆಮೇಲೆ ಸಿರುಗುಪ್ಪದ ವಿರೂಪಾಕ್ಷ. ಕಳೆದ ವರ್ಷವೂ ಗುತ್ತಿಗೆ ಅವನದೇ. ನಾಲ್ಕು ತಿಂಗಳಲ್ಲಿ ಇಬ್ಬರೂ ಆಡಿದ್ದು ನಾಲ್ಕು ಮಾತಿರಬಹುದು. ಅವನು ತೋಟದಲ್ಲಿ ಸಿಳ್ಳೆ ಹಾಕಿದರೆ ಇವಳ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅಷ್ಟೇ.

ಅವನು ಟವೆಲ್ ಹರಡಿದ. ಅಂಜೂರದ ಹಾಲು ತಾಕಿ ಬಿರಿದಿದ್ದ ಒರಟು ಬೆರಳುಗಳು ಅವಳ ಇಡೀ ಕೈ ಹಿಡಿದವು.

ಐದು.

ಅವಳು ಬೆಚ್ಚಿ ಮುಖ ನೋಡಿದಳು. ಅವನು ಗಿಡ ನೋಡುತ್ತಿದ್ದ, ಏನೂ ಅರಿಯದವನ ಹಾಗೆ.

ಹೋದ ವರ್ಷ ತೋಟದಿಂದ ಹೊರಟ ಪುಟ್ಟಿಗಳನ್ನು ಅವಳು ಕಿಟಕಿಯಿಂದ ಎಣಿಸಿದ್ದಳು. ಮೂರು ದಿನ ಲಾರಿ ಬಾರದೆ ಹಣ್ಣು ಒಡೆದು ನೊಣ ಮುತ್ತಿದ್ದನ್ನೂ ಕಂಡಿದ್ದಳು. ಐದು ಕೊಟ್ಟರೆ ಇವನಿಗೆ ಉಳಿಯುವುದೇನೂ ಇಲ್ಲ.

ಕೈ ಬಿಡಿಸಿಕೊಂಡು ಅವನ ನಾಲ್ಕು ಬೆರಳು ಹಿಡಿದಳು. ಅವನು ಮತ್ತೆ ಐದು ಹಿಡಿದ. ಅವಳು ಮತ್ತೆ ನಾಲ್ಕು, ಈ ಸಲ ಉಗುರು ಒತ್ತಿ.

"ಬಾಳ ಗಟ್ಟಿ ಅದಾಳಪ್ಪ ನಿನ್ನ ಸೊಸಿ," ಎಂದ ಹುಲುಗಪ್ಪ, ಹೊರಸಿನ ಮೇಲಿದ್ದ ದೊಡ್ಡಬಸಪ್ಪನಿಗೆ. "ಏರಿಸಾಕ ಹತ್ಯಾಳ, ನೋಡು."

ನಾಲ್ಕಕ್ಕೇ ಮುಗಿಯಿತು. ಹುಲುಗಪ್ಪ ಬಸ್ಸಿಗೆ ಹೋದ. ಬಾವಿಯ ಹತ್ತಿರವಿದ್ದ ಅವಳ ಬಳಿ ವಿರೂಪಾಕ್ಷ ನಗುತ್ತ ಬಂದು ನಿಂತ.

"ಮನಿಗೆ ಬರೋ ಸಾವಿರ ರೂಪಾಯಿ ಬಿಟ್ರಲ್ಲ. ಕಾಲೇಜಿನಾಗ ಹಿಂಗ ಕಲಿಸ್ತಾರೇನ್ರಿ?"

"ಲುಕ್ಸಾನ ಆದೋರು ಮುಂದಿನ ವರ್ಷ ಬರಂಗಿಲ್ಲ," ಎಂದಳು. ಅಂದ ಮೇಲೆ ತಾನು ಅಂದದ್ದು ತನಗೇ ಕೇಳಿಸಿ ಕಿವಿ ಬಿಸಿಯಾಯಿತು.

ಅವನ ನಗು ನಿಂತಿತು.

"ಹುಲುಗಪ್ಪ ಎಲ್ಲಿ ಮೇಲೆ ಹೋಗ್ತಾನೋ ಅಂತ ಐದು ಹಿಡಿದೆ. ಬ್ಯಾರೆದವ ಬಂದು ಆ ಗುಡಿಸಲಾಗ ಇರೋದು ನನ್ನ ಕೈಲೆ ತಡಿಯಾಕ ಆಗಂಗಿಲ್ರಿ. ವರ್ಷಾ ಹಿಂಗ ಹೆದರಿಕೋತ ಬರೋದು ನನಗೂ ಸಾಕಾಗೈತಿ. ನಿಮ್ಮ ಮಾವನ್ನ ಕೇಳ್ಲೇನು? ತೋಟ ಅಲ್ಲ."

ಮೂರು ವರ್ಷ ಸುಮ್ಮನಿದ್ದ ಎದೆ ಎಷ್ಟು ಸದ್ದು ಮಾಡುತ್ತದೆಂದು ಅವಳಿಗೆ ಆಗ ತಿಳಿಯಿತು.

"ಮೊದಲು ನನ್ನ ಕೇಳ್ರಿ."

"ಕೇಳಾಕ ಹತ್ತೀನಲ್ಲ."

"ಹಂಗಾದ್ರ ಅವರನ್ನ ಈಗ್ಲೇ ಕೇಳ್ರಿ. ನಾಳೆತನ ಈ ಧೈರ್ಯ ನನಗಿರತೈತೋ ಇಲ್ಲೋ."

ಅವನು ದೊಡ್ಡಬಸಪ್ಪ ಕೂತಿದ್ದ ಹೊರಸಿನ ಕಡೆ ನಡೆದ. ಚನ್ನವೀರಮ್ಮ ಒಳಗೆ ಹೋಗಲಿಲ್ಲ. ಎಲ್ಲ ಕೇಳಿಸುವಷ್ಟು ಹತ್ತಿರಕ್ಕೆ ಹೋಗಿ, ಸೆರಗು ಬಿಗಿ ಹಿಡಿದು ನಿಂತಳು.